ಕೋಡಿ ಮೀನಿಗೆ ತಪ್ಪುಗಾಣಿಕೆ

ಹೂ ತುಳಿಯುವುದೂ ಒಂದು ಕೂಲಿ. ಮುಡಿಯುವ ಹೂವಲ್ಲ, ದೇವರ ತಲೆಗೆ ಏರಿಸುವ ಹೂವೂ ಅಲ್ಲ. ಬಣ್ಣ ತೆಗೆಯುವ ಚೆಂಡುಹೂ. ಗುಂಡ್ಲುಪೇಟೆ ಸುತ್ತಿನ ಹೊಲಗಳಿಂದ ಟೆಂಪೋ ಮೇಲೆ ಟೆಂಪೋ ಬಂದು ಬೀಳುತ್ತದೆ. ಆಲದಹುಂಡಿಯ ಹೂವಿನ ಫ್ಯಾಕ್ಟರಿಯ ಹಿಂದೆ ಸಿಮೆಂಟಿನ ಗುಂಡಿಗಳಿವೆ. ಒಂದೊಂದೂ ಒಂದು ಮನೆಯಷ್ಟು ದೊಡ್ಡದು. ಅದರೊಳಕ್ಕೆ ಹೂ ಸುರಿಯುತ್ತಾರೆ. ಹೆಂಗಸರು ಇಳಿದು ತುಳಿಯುತ್ತಾರೆ. ಸಂದಿಯಲ್ಲಿ ಗಾಳಿ ಉಳಿಯಬಾರದು. ಉಳಿದರೆ ಹೂವೆಲ್ಲ ಬೂಷ್ಟು. ಗುಂಡಿ ತುಂಬಿದ ಮೇಲೆ ಟಾರ್ಪಾಲು ಹೊದಿಸಿ ಮರಳುಮೂಟೆ ಹೇರುತ್ತಾರೆ. ಒಳಗೆ ಹೂ ಹುಳಿಯಾಗುತ್ತದೆ. ತಳದಿಂದ ರಸ ಇಳಿಯುತ್ತದೆ. ಕಾಫಿ ಡಿಕಾಕ್ಷನ್ನಿನ ಬಣ್ಣ. ಹಳಸಿದ ಅಂಬಲಿಯೊಳಗೆ ಇಲಿ ಸತ್ತ ನಾತ.

ಸೋಮಮ್ಮ ಆ ಗುಂಡಿಗೆ ಇಳಿಯಲು ಹಿಡಿದು ಇದು ಮೂರನೆಯ ಹೂವಿನ ಕಾಲ. ಬೂಟು ಕೊಡುತ್ತೇವೆ ಅಂದಿದ್ದರು. ಕೊಟ್ಟರು. ಗಂಡಸರ ಅಳತೆಯ ಬೂಟು. ಹೆಜ್ಜೆ ಕಿತ್ತರೆ ಬೂಟು ಹೂವಿನಲ್ಲೇ ಉಳಿಯುತ್ತಿತ್ತು, ಕಾಲು ಮಾತ್ರ ಮೇಲಕ್ಕೆ ಬರುತ್ತಿತ್ತು. ಬಿಚ್ಚಿ ಎಸೆದು ಬರಿಗಾಲಲ್ಲೇ ತುಳಿದಳು. ಅಂಗಾಲಿನ ಚರ್ಮ ಸುಲಿದು ಬಂತು. ಬೆರಳ ಸಂದಿ ಬಾಯಿ ಬಿಟ್ಟಿತು. ಎಷ್ಟು ಸೋಪು ಹಾಕಿ ಉಜ್ಜಿದರೂ ನಾತ ಹೋಗದು. ಮಗಳು ಮಾನಸ ಅವ್ವನ ಪಕ್ಕ ಮಲಗಿದರೂ ಮೂಗನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಬೈದರೆ ಏನು ಬಂತು? ಮೂಗು ಅವಳದು.

ಆ ರಸವನ್ನು ಮೊದಮೊದಲು ಟ್ಯಾಂಕರಿನಲ್ಲಿ ಎಲ್ಲಿಗೋ ಸಾಗಿಸುತ್ತಿದ್ದರು. ಆಮೇಲೆ ಟ್ಯಾಂಕರು ಬರುವುದು ನಿಂತಿತು. ಗುಂಡಿಗಳ ಹಿಂದೆ ಜೆಸಿಬಿ ಬಂದು ಒಂದು ಕಾಲುವೆ ತೋಡಿ ಹೋಯಿತು. ಕಾಲುವೆ ಹಳ್ಳಕ್ಕೆ, ಹಳ್ಳ ದೊಡ್ಡಗೆರೆಗೆ. ಇದು ಯಾರಿಗೂ ಗುಟ್ಟಲ್ಲ. ದನ ಕಾಯುವವರಿಗೆ ಗೊತ್ತು. ಪಂಚಾಯ್ತಿಗೆ ಗೊತ್ತು. ಫ್ಯಾಕ್ಟರಿಗೆ ಭೂಮಿ ಗುತ್ತಿಗೆ ಕೊಟ್ಟ ಊರ ಯಜಮಾನ ವೃಷಭೇಂದ್ರಪ್ಪನವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಕಾಲುವೆ ಹೋಗುವುದೇ ಅವರ ಬದುವಿನ ಮೇಲೆ. ಗೊತ್ತಿದ್ದು ಏನಾಗಬೇಕು? ಊರಿನವರ ಹೂ ಕೊಳ್ಳುವುದು ಆ ಫ್ಯಾಕ್ಟರಿ. ಕೇರಿಯ ಹೆಂಗಸರಿಗೆ ಕೂಲಿ ಕೊಡುವುದೂ ಅದೇ. ಎಲ್ಲರ ಬಾಯಲ್ಲೂ ಒಂದೊಂದು ತುತ್ತಿತ್ತು. ತುತ್ತಿರುವ ಬಾಯಲ್ಲಿ ಮಾತು ಹೊರಡುವುದಿಲ್ಲ.

ದೊಡ್ಡಗೆರೆಗೂ ಕೇರಿಗೂ ಇದ್ದ ನಂಟು ಸೊಟ್ಟಗಿನ ನಂಟು. ಸೋಮಮ್ಮನ ಅತ್ತೆ ಮಾದಮ್ಮ ಹುಡುಗಿಯಾಗಿದ್ದಾಗ ಕೇರಿಯವರು ಕೆರೆಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಕೊಡ ಇಟ್ಟುಕೊಂಡು ಮೇಲೆ ನಿಂತಿರಬೇಕು. ಯಾರಾದರೂ ಪುಣ್ಯಾತ್ಗಿತ್ತಿ ಮೊಗೆದು ಮೇಲಿನಿಂದ ಹುಯ್ದರೆ ಉಂಟು. ಆದರೆ ಮಳೆ ಹುಯ್ದು ಏರಿ ಬಿರಿಯುತ್ತದೆ ಅನ್ನುವ ಭಯ ಹತ್ತಿತೋ, ಆಗ ಕೇರಿಯವರೇ ಬೇಕು. ಗೋಣಿ ಹೊದ್ದು, ಮಣ್ಣು ಹೊತ್ತು, ಏರಿಯ ಮೇಲೇ ಬೆಳಗು ಮಾಡಬೇಕು. ಅದಕ್ಕೊಂದು ಕಟ್ಟಳೆ ಇತ್ತು. ಕೆರೆಯೊಳಗಿನ ಮೀನು ಊರಿನದು. ಕೋಡಿ ದಾಟಿ ಆಚೆ ಬಿದ್ದ ಮೀನು ಕೇರಿಯದು. ಕೇರಿಗೆಂದು ಊರು ಬಿಟ್ಟುಕೊಟ್ಟಿದ್ದು ಅದೊಂದೇ. ಅದೂ ಊರಿನ ಕೈಯಿಂದ ಬಿದ್ದದ್ದಲ್ಲ, ಕೆರೆ ಉಕ್ಕಿ ಬಿದ್ದದ್ದು.

ಕೆರೆ ಒಣಗಿ, ಕೋಡಿಯ ಮೇಲೆ ಹುಡುಗರು ಇಸ್ಪೀಟು ಆಡುವ ಕಾಲ ಬಂದು ಹೋಯಿತು. ಆಮೇಲೆ ದೂರದ ಹೊಳೆಯಿಂದ ಪೈಪಿನಲ್ಲಿ ನೀರು ತಂದು ಕೆರೆಗಳಿಗೆ ತುಂಬಿಸಲು ಹಿಡಿದರು. ಈ ವರ್ಷ ಮಳೆಯೂ ಕೈ ಹಿಡಿಯಿತು. ನೀರು ಕೋಡಿಯ ಕಲ್ಲಿಗೆ ಬಂದು ತಾಕಿತು. ಕೇರಿಯಲ್ಲಿ ದಿನಕ್ಕೊಬ್ಬರು ಹೋಗಿ ನೋಡಿಕೊಂಡು ಬರುತ್ತಿದ್ದರು.

ಅವತ್ತು ಮಬ್ಬುಗತ್ತಲಲ್ಲಿ ಬಯಲಿಗೆ ಹೋದವನು ಸೋಮಮ್ಮನ ಗಂಡ ಮಾದೇವ. ಬಾಳೆಗೊನೆ ಕಡಿದು ಲಾರಿಗೆ ತುಂಬುವ ಕೆಲಸದವನು. ಹೋದಷ್ಟೇ ಬೇಗ ಓಡಿ ಬಂದ.

"ಏಯ್, ಏಳ್ರುಲಾ! ಮೀನ್ ಹತ್ತಾವ! ಕೋಡೀಲಿ ಬಾಯ್ ಬುಟ್ಕಂಡು ನಿಂತವ, ಬಾ ಬಾ ಅಂತ ಕರೀತಾವ!"

ಕೇರಿಯ ಯಜಮಾನ ಮರಿಯಯ್ಯ ಜಗಲಿಯ ಮೇಲೆ ಎದ್ದು ಕೂತ. "ಮೀನು ನಿನ್ನ ಕರೀತಾವ್ಲಾ? ನಿನ್ ಎಡ್ತಿಯೇ ನಿನ್ನ ಕರಿಯಾಕಿಲ್ಲ."

"ಬಾ ಮಾವ, ಬಂದ್ ನೋಡು. ಸುಳ್ಳಾದ್ರ ನನ್ನ ಕೆರಗ ತಳ್ಳು."

ಹೊಸ ನೀರು ಬಂದಾಗ ಮೀನು ಕೋಡಿಗೆ ಹತ್ತುತ್ತದೆ. ಅದು ಕೇರಿಯ ಮುದುಕರಿಗೆಲ್ಲ ಗೊತ್ತಿದ್ದ ಕಾಲದ ಮಾತು. ಮರೆತೇ ಹೋಗಿದ್ದ ಮಾತು ನೆನಪಾಯಿತು. ಬುಟ್ಟಿ, ಮಂಕರಿ, ಪ್ಲಾಸ್ಟಿಕ್ ಬಕೆಟ್ಟು, ಹಳೇ ಸೀರೆ, ಸಿಕ್ಕಿದ್ದು ಹಿಡಿದುಕೊಂಡು ಕೇರಿಗೆ ಕೇರಿಯೇ ಓಡಿತು. ನಿಜ. ಕೋಡಿಯ ಕಲ್ಲಿಗೆ ಮೂತಿ ಒತ್ತಿ ಮೀನು ನಿಂತಿತ್ತು. ಗೆಂಡೆ, ಜಿಲೇಬಿ ಮೀನು, ತೊಡೆಯ ಗಾತ್ರದ ಕಾಟ್ಲಾ. ಬಾಯಿ ಮೇಲಕ್ಕೆತ್ತಿ ತೆರೆದು ಮುಚ್ಚಿ, ತೆರೆದು ಮುಚ್ಚಿ. ಕಲ್ಲಿನ ಮೇಲೆ ತೆಳ್ಳಗೆ ಹರಿಯುತ್ತಿದ್ದ ನೀರಿನಲ್ಲಿ ಕೆಲವು ಆಚೆ ಬಿದ್ದವು. ಕೆಲವು ಈಚೆಯೇ ಇದ್ದವು. ಕೈ ಹಾಕಿದರೆ ಓಡಲಿಲ್ಲ. ಸಾಕಿದ ಕೋಳಿಯ ಹಾಗೆ ಕೈಗೆ ಬಂದವು.

ಮರಿಯಯ್ಯ ಒಂದು ಕಾಟ್ಲಾವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದ. "ಹತ್ತೋ ಮೀನಿಗ ಬಿಗಿ ಇರ್ತದ ಕಣ್ಲಾ. ಇವು ಯಾಕ ಇಂಗ ಸೋತವ?"

"ಹೊಳೆಯಿಂದ ಪೈಪ್ನಲ್ಲಿ ಬಂದಿಲ್ವಾ ಮಾವ, ದೂರದ ದಾರಿ, ಸುಸ್ತಾಗವ" ಅಂದ ಮಾದೇವ.

ನಕ್ಕರು. ಮರಿಯಯ್ಯನೂ ನಕ್ಕ. ಮಾದಮ್ಮ ಸೆರಗಿನಲ್ಲಿ ಮೀನು ಕಟ್ಟಿಕೊಂಡು ಅತ್ತಳು. ಅವಳ ಗಂಡ ಸತ್ತ ಮೇಲೆ ಕೋಡಿ ಮೀನು ಅವಳ ಸೆರಗಿಗೆ ಬಿದ್ದಿರಲಿಲ್ಲ.

ಸಾರು ಕುದಿಯಿತು. ಕೇರಿಯ ಎಲ್ಲ ಮನೆಯಲ್ಲೂ ಕುದಿಯಿತು. ಸೋಮಮ್ಮ ಮೊದಲ ತುತ್ತು ಬಾಯಿಗಿಟ್ಟಳು. ಹುಣಸೆಹುಳಿ ಅಲ್ಲದ ಒಂದು ಹುಳಿ ನಾಲಗೆಗೆ ತಾಕಿತು. ಗುಂಡಿಯ ನಾತ. ತನ್ನ ಕಾಲು ನಾರುತ್ತಿದೆಯೋ ತಟ್ಟೆ ನಾರುತ್ತಿದೆಯೋ ಎಂದು ಬಗ್ಗಿ ನೋಡಿಕೊಂಡಳು. ಮಾದೇವ ಮಗಳಿಗೆ ಮುಳ್ಳು ಬಿಡಿಸಿ ಕೊಡುತ್ತಿದ್ದ. ಅವನ ಮುಖ ನೋಡಿ ತುತ್ತು ನುಂಗಿದಳು.

ಮರುದಿನ ಕೆರೆ ಬೆಳ್ಳಗಾಗಿತ್ತು. ದಡದಿಂದ ದಡಕ್ಕೆ ಮೀನಿನ ಹೊಟ್ಟೆ. ಕಾಗೆಗಳು ಕೂಡ ಮೂಸಿ ನೋಡಿ ಹಾರಿಹೋದವು.

ಕೆರೆಯ ಮೀನಿನ ಟೆಂಡರು ವೃಷಭೇಂದ್ರಪ್ಪನವರ ಮಗ ದಿಲೀಪನದು. ಬೈಕನ್ನು ಏರಿಯ ಮೇಲೆ ನಿಲ್ಲಿಸಿ ಒಂದು ಗಳಿಗೆ ಸುಮ್ಮನೆ ನೋಡಿದ. ಆಮೇಲೆ ಫೋನು ತೆಗೆದ. ಬಿಸಿಲೇರುವ ಹೊತ್ತಿಗೆ ಜೀಪು ಕೇರಿಗೆ ಬಂತು. ಏರಿಯ ಮೇಲೆ ಸಿಕ್ಕಿತೆಂದು ಬಾಳೆತೋಟಕ್ಕೆ ಹೊಡೆಯುವ ಔಷಧಿಯ ಖಾಲಿ ಬಾಟಲಿಯೊಂದನ್ನು ಪೊಲೀಸಿನವನು ಬೆರಳ ತುದಿಯಲ್ಲಿ ಹಿಡಿದುಕೊಂಡಿದ್ದ. ಅಂಥ ಬಾಟಲಿ ಆ ಸೀಮೆಯ ಎಲ್ಲ ಬದುವಿನ ಮೇಲೂ ಬಿದ್ದಿರುತ್ತದೆ.

"ಎಲ್ರಿಗಿಂತ ಮುಂಚೆ ಕೋಡಿಗೆ ಹೋದೋನು ಯಾರು?" ಎಂದು ಕೇಳಿದ ದಿಲೀಪ. "ಮೀನು ಮೇಲೆ ಬತ್ತದೆ ಅಂತ ಇವನಿಗೆ ಮಾತ್ರ ಹೆಂಗ್ ಗೊತ್ತಾಯ್ತು? ಕನಸು ಬಿದ್ದಿತ್ತಾ?"

"ಬಯಲ್ಗ ಓಗಿದ್ದೆ ದಿಲೀಪಣ್ಣ" ಅಂದ ಮಾದೇವ. "ಮೀನು ಹತ್ತಾವ ಅನ್ಕಂಡೆ. ಔಷ್ದಿ ಗಿವ್ಷ್ದಿ ನನಗೇನ್ ಗೊತ್ತು?"

"ಬಾಳೆಗೊನೆ ಹೊರೋನಿಗೆ ಔಷಧಿ ಗೊತ್ತಿಲ್ವಾ! ಹತ್ತು, ಜೀಪು ಹತ್ತು. ನೀನೇ ಹತ್ತೋ ಮೀನು ಈಗ."

ಜೀಪಿನಲ್ಲಿದ್ದವರು ನಕ್ಕರು. ಮಾದೇವ ಚಪ್ಪಲಿ ಹಾಕಿಕೊಳ್ಳುತ್ತೇನೆ ಅಂದ. ಬಿಡಲಿಲ್ಲ. ಸೋಮಮ್ಮ ಜೀಪಿನ ಹಿಂದೆ ಓಡಿದಳು. ಒಡೆದ ಕಾಲು. ಎಷ್ಟು ದೂರ ಓಡಿಯಾಳು.

ಸಂಜೆ ದಿಲೀಪ ಮರಿಯಯ್ಯನಿಗೆ ಹೇಳಿ ಕಳಿಸಿದ. ಕೆಡಿಸಿದವರೇ ಸತ್ತ ಮೀನು ಬಳಿಯಬೇಕು. ಬಳಿದರೆ ಮಾದೇವನ ವಿಚಾರ ಮಾತಾಡೋಣ.

ಕೇರಿ ಇಳಿಯಿತು. ಮೆಟ್ಟಿಲು ಇಳಿಯಬೇಡಿ ಎಂದು ಯಾರೂ ಅನ್ನಲಿಲ್ಲ. ಊರಿನವರು ಮೂಗಿಗೆ ಟವೆಲು ಕಟ್ಟಿಕೊಂಡು ಮೇಲೆ ನಿಂತಿದ್ದರು. "ಇನ್ನಷ್ಟು ಮುಂದಕ್ ಓಗಿ, ಅಲ್ಲೂ ಅವೆ ನೋಡಿ, ಅಲ್ಲಿ" ಎಂದು ಕೈ ತೋರಿಸುತ್ತಿದ್ದರು. ಸೊಂಟದ ಮಟ್ಟದ ನೀರಿನಲ್ಲಿ ಮಾದಮ್ಮ ಬುಟ್ಟಿ ಹಿಡಿದು ನಿಂತು ಮೇಲಕ್ಕೆ ನೋಡಿದಳು.

"ನಮ್ಮವ್ವ ಕೊಡ ಇಟ್ಕಂಡು ಅಲ್ಲೇ ನಿಂತು ನಿಂತು ಸತ್ಲು ಕಣಮ್ಮಿ ಸೋಮಿ. ಒಂದ್ ಮೆಟ್ಲು ಇಳಿಯಾಕ ಬುಡ್ನಿಲ್ಲ. ಇವತ್ತು ನೋಡು, ಇಳೀರಿ ಇಳೀರಿ ಅಂತಾವ್ರ."

ಮೀನು ಉಬ್ಬಿತ್ತು. ಹಿಡಿದರೆ ಬೆರಳು ಒಳಗೆ ಹೋಗುತ್ತಿತ್ತು. ಬುಟ್ಟಿ ತಲೆಗೇರಿಸಿದರೆ ಕೊಳೆತ ನೀರು ಹಣೆ, ಕಣ್ಣು, ತುಟಿ, ಕುತ್ತಿಗೆ ಹಿಡಿದು ಕುಬುಸದೊಳಕ್ಕೆ ಇಳಿಯುತ್ತಿತ್ತು. ಸೋಮಮ್ಮ ಕಾರಿಕೊಂಡಳು. ತೊಳೆದುಕೊಳ್ಳೋಣವೆಂದರೆ ತೊಳೆಯುವ ನೀರೂ ಅದೇ. ಏರಿಯ ಹಿಂದೆ ಗುಂಡಿ ತೋಡಿದ್ದರು. ಸುರಿದರು. ಮತ್ತೆ ಇಳಿದರು. ಹಳ್ಳ ಕೆರೆ ಸೇರುವ ಕಡೆಯಿಂದ ಕಪ್ಪು ನೀರು ಬರುತ್ತಲೇ ಇತ್ತು. ಎಲ್ಲರೂ ಅದನ್ನು ನೋಡಿದರು. ಮೇಲೆ ನಿಂತವರೂ ನೋಡಿದರು. ಫ್ಯಾಕ್ಟರಿಗೆ ಅವತ್ತು ರಜೆ ಇರಲಿಲ್ಲ.

ಕೆರೆ ಬಳಿದಾಯಿತು. ಮಾದೇವ ಬರಲಿಲ್ಲ.

ಚಾಮರಾಜನಗರದಿಂದ ಕೇರಿಗಳ ಪರ ಓಡಾಡುವ ಸಂಘದ ಇಬ್ಬರು ಬಂದರು. ಒಳ್ಳೆಯವರು. ಬಾಟಲಿಯಲ್ಲಿ ನೀರು ತುಂಬಿಕೊಂಡರು, ಮೊಬೈಲಿನಲ್ಲಿ ಫೋಟೋ ಹಿಡಿದರು, ಟೇಷನ್ನಿಗೂ ಹೋಗಿ ಕೇಳಿದರು. ನೀರಿನ ರಿಪೋರ್ಟು ಬರಲಿ ಎಂದರು. ರಿಪೋರ್ಟು ಎಲ್ಲಿಂದ, ಯಾವಾಗ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಇತ್ತ ಟೇಷನ್ನಿನ ಹಿಂದುಗಡೆ ಕೋಣೆಯಿಂದ ಕೂಗು ಕೇಳಿಸಿತೆಂದು ಸಂತೆಗೆ ಹೋದ ಯಾರೋ ಬಂದು ಹೇಳಿದರು. ಮಾದಮ್ಮ ಅವತ್ತಿನಿಂದ ಮುದ್ದೆ ಮುಟ್ಟಲಿಲ್ಲ.

ಆಮೇಲೆ ಮರಿಯಯ್ಯ ಬಂದು ಜಗಲಿಯ ಮೇಲೆ ಕೂತ. ಟವೆಲಿನಿಂದ ಮುಖ ಒರೆಸಿಕೊಂಡ.

"ವೃಷಭೇಂದ್ರಪ್ಪೋರು ಮಾತಾಡಿದ್ರು ಕಣಮ್ಮಿ. ಕೇಸು ಇನ್ನೂ ಬರ್ದಿಲ್ವಂತ. ಅವ್ರು ಬ್ಯಾಡ ಅಂದ್ರ ಬರಿಯಾಕಿಲ್ವಂತ."

"ಏನ್ ಮಾಡ್ಬೇಕಂತ ಮಾವ?"

"ತಪ್ಗಾಣಿಕ ಮಡಗ್ಬೇಕಂತ. ಚಾವಡೀಲಿ. ಗಂಡ ಒಳಗವ್ನ, ಎಡ್ತಿ ಮಡಗಿದ್ರ ಆಯ್ತದಂತ."

ತಪ್ಪುಗಾಣಿಕೆ ಎಂದರೆ ದೊಡ್ಡ ದಂಡವಲ್ಲ. ಒಂದು ವೀಳ್ಯದೆಲೆ, ಒಂದು ಅಡಿಕೆ, ಮೇಲೊಂದು ನಾಣ್ಯ. ಊರ ಮುಂದೆ ಯಜಮಾನರ ಪಾದದ ಬಳಿ ಇಟ್ಟು, ಮಾಡಿದ್ದು ಇಂಥಾ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬಾಯಿ ಬಿಟ್ಟು ಹೇಳಬೇಕು. ನಾಣ್ಯ ಎಷ್ಟರದಾದರೂ ಆದೀತು. ಮಾತು ಮಾತ್ರ ಪೂರ್ತಿ ಬೇಕು. ಒಮ್ಮೆ ಆಡಿದ ಮೇಲೆ ಅದು ಆಡಿದವರ ಮಕ್ಕಳು ಮೊಮ್ಮಕ್ಕಳ ಬೆನ್ನಿಗೂ ಅಂಟುತ್ತದೆ. "ನಿಮ್ಮಜ್ಜ ತಪ್ಪುಗಾಣಿಕೆ ಇಟ್ಟವನಲ್ಲವಾ" ಎಂದು ಮದುವೆ ಮಾತಿನಲ್ಲೂ ಎತ್ತಿ ಆಡುತ್ತಾರೆ.

"ಮಾಡ್ದೇ ಇರೋ ತಪ್ಗ?" ಅಂದಳು ಸೋಮಮ್ಮ.

"ಮಾನ ಓದ್ರ ಬತ್ತದ ಕಣವ್ವ. ಮೂಳ ಮುರುದ್ರ ಅವ್ನ್ ಗೊನೆ ಎತ್ತಾಕಾದ್ದಾ?"

"ಮಾನ ಯಾವತ್ ಬಂದದ ಮಾವ, ಓಗಿ ವಾಪಸ್ ಬರಾಕ?"

ಮರಿಯಯ್ಯ ನೆಲ ನೋಡಿದ. "ನನ್ ಕೇಳ್ಬ್ಯಾಡ. ನನಗೂ ಗೊತ್ತು ಅದು ಊವಿನ್ ನೀರು ಅಂತ. ಗೊತ್ತಿದ್ದು ನಾನೇನ್ ಕಿತ್ಕಂಡೆ?"

ಒಳಗಿನಿಂದ ಮಾದಮ್ಮ ಬಂದು ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸೊಸೆಯ ಕಾಲು ಹಿಡಿದಳು. "ಮಡಗ್ಬುಡು ಸೋಮಿ. ನನ್ ಮಗ ನಂಗ ಬೇಕು. ಕೆರ ಕಟ್ಕಂಡು ನಾನೇನ್ ಮಾಡ್ಲಿ."

ಸೋಮಮ್ಮ ಕಾಲು ಹಿಂದಕ್ಕೆಳೆದುಕೊಂಡಳು. "ಆಯ್ತು ಬುಡತ್ತೆ, ಮಡಗ್ತೀನಿ" ಅಂದಳು. ಅಂದಾಗ ನಿಜವಾಗಿಯೂ ಇಡುವವಳಾಗಿಯೇ ಅಂದಳು.

ಚಾವಡಿಯ ಕಟ್ಟೆಯ ಮೇಲೆ ಊರಿನವರು ಕೂತಿದ್ದರು. ಕೇರಿಯವರು ಕೆಳಗೆ ನಿಂತಿದ್ದರು. ವೃಷಭೇಂದ್ರಪ್ಪ ವಿಭೂತಿ ಇಟ್ಟುಕೊಂಡು, ಶಾಲು ಹೊದ್ದು ನಡುವೆ ಕೂತಿದ್ದರು. ಗದರುವ ಮನುಷ್ಯರಲ್ಲ. ಅವರ ದನಿ ಯಾವಾಗಲೂ ತಣ್ಣಗೆ.

"ಹೆದರ್ಕೋಬ್ಯಾಡಮ್ಮ" ಅಂದರು. "ನಿನ್ ಗಂಡನ್ನ ಬುಡಿಸ್ಕೊಂಡು ಬರೋದು ನನ್ನ ಜವಾಬ್ದಾರಿ. ಬಡವರು, ಬಾಯಿಚಪಲಕ್ಕೆ ಏನೋ ಮಾಡ್ಬುಟ್ರು. ಹಿಂಗಾದ್ಮೇಲೆ ಕೋಡಿ ಮೀನು ಅದು ಇದು ಅನ್ಕಂಡು ಇನ್ಮೇಲೆ ಕೇರಿಯೋರು ಕೆರೆ ಕಡೆ ಬರಬಾರದು. ಅಷ್ಟೇಯ. ಹೂಂ, ಮಡುಗು."

ಸೋಮಮ್ಮ ಎಲೆ ಹಿಡಿದು ಮುಂದೆ ಬಂದಳು. ಬಗ್ಗಿದಳು. ಬಾಯಿ ತೆರೆದಳು. ನಾಲಗೆಯ ಮೇಲೆ ಅವತ್ತಿನ ಸಾರಿನ ಹುಳಿ ಎದ್ದು ಬಂತು.

"ಹೇಳಮ್ಮ. ಔಷಧಿ ಹಾಕಿದ್ದು ತಪ್ಪಾಯ್ತು ಅನ್ನು."

ಅವಳು ಬಗ್ಗಿದಲ್ಲಿಂದ ನೆಟ್ಟಗಾದಳು.

"ನನ್ ತಪ್ಪು ಏಳ್ತೀನಿ ಯಜಮಾನ್ರೆ. ನಾನು ಊವ ತುಳ್ದೆ. ತುಳ್ದ ರಸ ನಿಮ್ ಬದುವಿನ ಮ್ಯಾಲ ಅರ್ದು ಕೆರಗ ಓಯ್ತು. ಮೀನು ಸತ್ತೋ. ಅದು ನನ್ ತಪ್ಪು, ಒಪ್ಕತೀನಿ. ಅದ್ಕ ಕಾಣಿಕ ಮಡಗ್ತೀನಿ. ನೀವೂ ಎದ್ ಬಂದು ಒಂದ್ ಎಲ ಮಡುಗಿ. ಇಬ್ರೂ ಮಡಗನ."

"ಏನಮ್ಮಿ ಅಂದೆ?" ದಿಲೀಪ ಕಟ್ಟೆಯಿಂದ ಜಿಗಿದ.

"ಮಾದೇವ ಔಷ್ದಿ ಆಕ್ದ ಅಂತ ನನ್ ಬಾಯಲ್ಲಿ ಬರಾಕಿಲ್ಲ. ಬಾಯ್ ಬೇಕಾದ್ರ ಕುಯ್ಕಳಿ."

ಎಲೆ, ಅಡಿಕೆ, ನಾಣ್ಯ ಮೂರನ್ನೂ ಮುಷ್ಟಿಯಲ್ಲಿ ಕಟ್ಟಿಕೊಂಡು ಹಿಂದಕ್ಕೆ ಸರಿದಳು. ಕೇರಿಯವರು ಯಾರಾದರೂ ಒಬ್ಬರು ಹೌದು ಅಂದಾರೆಂದು ತಿರುಗಿ ನೋಡಿದಳು. ಅವಳ ಜೊತೆ ಗುಂಡಿ ತುಳಿಯುವ ಹೆಂಗಸರು ಅಲ್ಲೇ ಇದ್ದರು. ಒಬ್ಬಳು ಸೆರಗು ಸರಿಮಾಡಿಕೊಂಡಳು. ಒಬ್ಬಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಹಾಕಿಕೊಂಡಳು. ನಾಳೆ ಹೂವಿನ ಟೆಂಪೋ ಬರುತ್ತದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಫ್ಯಾಕ್ಟರಿ ಗೇಟಿನವನಿಗೆ ಹೇಳುವವರು ಕಟ್ಟೆಯ ಮೇಲೆ ಕೂತಿದ್ದರು.

ವೃಷಭೇಂದ್ರಪ್ಪ ಶಾಲು ಕೊಡವಿ ಎದ್ದು ನಿಂತರು. ದನಿ ಏರಲಿಲ್ಲ. "ಆಯ್ತು ಬುಡಿ. ಊರು ಬ್ಯಾಡ ಅಂದ್ಮೇಲೆ ಕಾನೂನು ನೋಡ್ಕೊಳ್ತದೆ. ಮಾದೇವನ ಹಣೇಲಿ ಏನದೋ ಅದಾಯ್ತದೆ."

ಆಗ ಮಾದಮ್ಮ ನುಗ್ಗಿದಳು. ಸೊಸೆಯ ಮುಷ್ಟಿ ಹಿಡಿದಳು. ಕಿರುಬೆರಳು ಬಿಡಿಸಿದಳು. ಆಮೇಲೆ ಉಂಗುರದ ಬೆರಳು. ಎಪ್ಪತ್ತು ದಾಟಿದ ಮುದುಕಿಯ ಕೈ. ಸೋಮಮ್ಮ ಬಿಗಿ ಹಿಡಿದಿದ್ದರೆ ಬಿಡಿಸಲು ಆಗುತ್ತಿರಲಿಲ್ಲ. ಅತ್ತೆ ಕಿತ್ತುಕೊಂಡಳೋ ತಾನೇ ಬಿಟ್ಟಳೋ, ಸೋಮಮ್ಮನಿಗೆ ಆಮೇಲೂ ತಿಳಿಯಲಿಲ್ಲ. ಮಾದಮ್ಮ ಹರಿದ ಎಲೆಯನ್ನು ಕಟ್ಟೆಯ ಬುಡದಲ್ಲಿಟ್ಟು ಮಣ್ಣಿಗೆ ಉದ್ದಕ್ಕೆ ಬಿದ್ದಳು.

"ನನ್ ಮಗ ತಪ್ ಮಾಡ್ಬುಟ್ಟ ಬುದ್ಧೀ. ಔಷ್ದಿ ಆಕ್ಬುಟ್ಟ. ಒಟ್ಟಗಾಕ್ಕಳಿ. ನನ್ ಮಗನ ಕೊಡಿ."

"ಎತ್ತಿ ಆಯಮ್ಮನ್ನ" ಅಂದರು ವೃಷಭೇಂದ್ರಪ್ಪ. ಮಗನ ಕಡೆ ತಿರುಗಿ, "ಫೋನ್ ಮಾಡು" ಅಂದರು.

ಹೊತ್ತು ಮುಳುಗುವ ಮುಂಚೆ ಮಾದೇವ ಬಸ್ಸಿಳಿದ. ಬರಿಗಾಲು. ಪಾದದ ಅಂಚಿನ ಮೇಲೆ ಊರಿ ಊರಿ ನಡೆದು ಬಂದ. ಒಂದು ಕಣ್ಣು ಮುಚ್ಚಿಹೋಗಿತ್ತು. ಆದರೆ ಮುಖದಲ್ಲಿ ಅದೇನೋ ಕಳೆ. ಕೇರಿಯವರು ಒಬ್ಬೊಬ್ಬರಾಗಿ ಬಂದು ಅವನ ಮನೆಯ ಮುಂದೆ ನಿಂತರು. ಸೋಮಮ್ಮ ನೀರಿನ ಚೆಂಬು ಕೊಟ್ಟಳು. ಗಟಗಟ ಕುಡಿದ. ಬಾಯಿ ಒರೆಸಿಕೊಂಡ. ಮಾತು ಒಳಗೇ ಕುದಿಯುತ್ತಿತ್ತು, ತಡೆಯಲಾಗಲಿಲ್ಲ.

"ಒಪ್ಕೊಳ್ನಿಲ್ಲ ಕಣ್ಲಾ" ಅಂದ. "ಔಷ್ದಿ ಆಕ್ದೆ ಅಂತ ಒಂದ್ ಮಾತ್ ಅನ್ನು, ಈಗ್ಲೇ ಬುಡ್ತೀವಿ ಅಂದ್ರು. ಅನ್ನಾಕಿಲ್ಲ ಅಂದೆ. ಅಂಗಾಲ್ಗ ಒಡುದ್ರು. ಅನ್ನಾಕಿಲ್ಲ ಅಂದೆ. ತಲಕೆಳಗ್ ಮಾಡುದ್ರು. ಉಚ್ಚ ಓಯ್ಕಂಡೆ, ಸುಳ್ಯಾಕ ಏಳ್ಲಿ. ಆದ್ರೂ ಅನ್ನಾಕಿಲ್ಲ ಅಂದೆ. ಕೇರಿ ಮ್ಯಾಲ ಇಲ್ಲದ್ದ ಒರ್ಸಾಕ ನಾನ್ ಬುಟ್ಟನಾ? ಕೊನಗ ಅವ್ರೇ ಸೋತ್ರು ಮಾವ! ಮದ್ಯಾನದ್ ಮ್ಯಾಲ ಅದ್ಯಾಕೋ ಬಂದು, ಓಗಲೇ ಮನಗ ಅಂದ್ರು. ಅವ್ರೇ ಸೋತ್ರು!"

ನಕ್ಕ. ಒಡೆದ ತುಟಿಯಲ್ಲಿ ರಕ್ತ ಒಸರಿತು.

ಯಾರೂ ನಗಲಿಲ್ಲ. ಮರಿಯಯ್ಯ ಹೆಗಲ ಟವೆಲು ತೆಗೆದು ಕೊಡವಿದ, ಮತ್ತೆ ಹಾಕಿಕೊಂಡ. ಮಾನಸ ಅವ್ವನ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಸೋಮಮ್ಮ ಮಗಳ ಭುಜ ಒತ್ತಿ ಹಿಡಿದಳು.

"ಯಾಕ್ರುಲಾ" ಅಂದ ಮಾದೇವ, ಒಬ್ಬೊಬ್ಬರ ಮುಖ ನೋಡುತ್ತಾ. "ಸತ್ತ್ ಮನಗ ಬಂದಂಗ ನಿಂತಿದ್ದರಿ? ನಾನ್ ಬದ್ಕಿ ಬಂದಿಲ್ವಾ?"

"ಬಂದಿದ್ದಯ್ಯ ಬುಡು" ಅಂದ ಮರಿಯಯ್ಯ. ಹೇಳಿ ಹೊರಟೇಹೋದ. ಅವನ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು.

ಮಾದೇವನಿಗೆ ಅರ್ಥವಾಗಲಿಲ್ಲ. ನಾಳೆ ಬೆಳಿಗ್ಗೆ ಟೀ ಅಂಗಡಿಗೆ ಹೋದರೆ ಅರ್ಥವಾಗುತ್ತದೆ. ಕಾಲು ನೋಯುತ್ತದೆ, ನಾಳೆ ಹೋಗಲಿಕ್ಕಿಲ್ಲ. ನಾಡಿದ್ದು ಹೋಗುತ್ತಾನೆ. ಅಷ್ಟರೊಳಗೆ ತಾನೇ ಹೇಳಬೇಕು ಅಂದುಕೊಂಡಳು ಸೋಮಮ್ಮ. ಏನೆಂದು ಹೇಳಬೇಕು ಅನ್ನುವುದು ಮಾತ್ರ ಹೊಳೆಯಲಿಲ್ಲ.

ಅವನು ಗೋಡೆಗೆ ಒರಗಿ ಒಳಗಿನ ಕತ್ತಲೆಗೆ ಕೂಗಿದ.

"ಅವ್ವಾ! ಕೇಳ್ತಾ? ನಿನ್ ಮಗ ಒಪ್ಕೊಳ್ನಿಲ್ಲ ಕಣವ್ವಾ!"

ಒಲೆಯ ಮುಂದೆ ಮುದ್ದೆ ಕೂಡಿಸುತ್ತಿದ್ದ ಕೋಲಿನ ಸದ್ದು ನಿಂತಿತು.

"ಕೇಳ್ತು ಕಣ್ಲಾ ಮಗ" ಅಂದಳು ಮಾದಮ್ಮ. "ಕೈ ತೊಳ್ಕ ಬಾ. ಮುದ್ದ ಆರೋಯ್ತದ."